ಚಪ್ಪಲಿ ಮೂಗಿನ ವಿಮಾನ

ಹೋದ ವಾರ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಚಹಾದಂಗಡಿಯ ನೆರಳಿಗೆ ನಿಂತಿದ್ದೆ. ನೆರಳೆಂದರೆ ನಾಲ್ಕು ಗಳದ ಮೇಲೆ ಹೊದಿಸಿದ ಜಾಹೀರಾತಿನ ಪ್ಲಾಸ್ಟಿಕ್ ಬೋರ್ಡು. ಬಿಸಿಲಿಗೆ ಕಾದು ಅದರಿಂದ ಒಂದು ವಾಸನೆ ಬರುತ್ತಿತ್ತು. ಸುಟ್ಟ ವಾಸನೆಯಲ್ಲ, ಸುಡುವುದಕ್ಕೆ ಮುಂಚಿನ ವಾಸನೆ. ಆ ವಾಸನೆಯಲ್ಲಿ ನಾನು ಒಂದು ಚಳಿಗಾಲ, ಒಂದು ಬೇಸಿಗೆ ಕಳೆದಿದ್ದೇನೆ. ಆಗ ನಮ್ಮ ಮನೆಯಲ್ಲಿ ರೊಟ್ಟಿಯ ವಾಸನೆಗಿಂತ ಅದೇ ಹೆಚ್ಚಾಗಿತ್ತು. ಚಹಾ ಆರಿಹೋಯಿತು. ಬಸ್ಸು ಬಂತು, ಹೋಯಿತು. ಇನ್ನೊಂದು ಬರುತ್ತದೆ ಎಂದು ಅಲ್ಲೇ ಕುಳಿತೆ.

ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ಅದು. ನಮ್ಮದು ಗೊರೇಬಾಳ, ಸಿಂಧನೂರಿನ ಮಗ್ಗುಲಲ್ಲೇ. ಬೇರೆ ವರ್ಷಗಳಲ್ಲಿ ಮೊದಲ ಭತ್ತ ಕೊಯ್ದು ಮಷೀನು ಹೋದ ಮೇಲೆ ಗದ್ದೆಗೆ ಮತ್ತೆ ನೀರು ಕಟ್ಟಿ, ಕೆಸರು ಮಾಡಿ, ನಾಟಿಗೆ ಹೆಣ್ಣುಮಕ್ಕಳನ್ನು ಟಂಟಂನಲ್ಲಿ ತುಂಬಿಕೊಂಡು ಬರುತ್ತಾರೆ. ಆ ವರ್ಷ ಯಾರೂ ಬರಲಿಲ್ಲ. ಕೆಸರು ಒಣಗಿ ಬಿರುಕು ಬಿಟ್ಟಿತು. ಕಾಲಿಗೆ ಚುಚ್ಚುವ ಕೂಳೆ, ಅದರ ಮೇಲೆ ಧೂಳು, ಆಚೆಗೆ ಖಾಲಿ ಕಾಲುವೆ. ಕೊಕ್ಕರೆಗಳು ಕೂಡ ಬರಲಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆದರೆ ಆಟದ ವಿಮಾನ ಬೀಳುವುದಕ್ಕೆ ಅಷ್ಟು ಅಗಲವಾದ ನೆಲ ಮತ್ತೆ ಸಿಗಲಿಲ್ಲ.

ನನ್ನ ಮಗ ಹನುಮೇಶ ಲೈನ್‌ಮನ್. ಅವನೂ ಮಸ್ಕಿಯ ಯಂಕೋಬನೂ ಜೋಡಿ. ಕಂಬದ ಕೆಲಸದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ. ಯಂಕೋಬ ವಯಸ್ಸಿನಲ್ಲಿ ದೊಡ್ಡವನು, ಆದರೂ ತೆಳ್ಳಗಿದ್ದ, ಹತ್ತುವವನು ಅವನೇ. ಹನುಮೇಶ ಕೆಳಗೆ ನಿಂತು ಫೋನಿನಲ್ಲಿ ಕರೆಂಟಿನ ಸ್ಟೇಷನ್ನಿಗೆ ಹೇಳಿ ಲೈನು ಬಂದ್ ಮಾಡಿಸಬೇಕು. ಅವರು ಆಯಿತು ಅಂದ ಮೇಲೆ ಯಂಕೋಬನಿಗೆ ಹೇಳಬೇಕು. "ಲೈನ್ ಸತ್ತೈತಿ, ಹತ್ತು." ಇದು ಅವರಿಬ್ಬರ ಮಾತು. ಲೈನು ಸತ್ತರೆ ಮನುಷ್ಯ ಹತ್ತಬಹುದು.

ಆ ಮಳೆಗಾಲದಲ್ಲಿ ಮಸ್ಕಿ ರಸ್ತೆಯ ಒಂದು ಕಂಬದ ಮೇಲೆ ಲೈನು ಸತ್ತಿರಲಿಲ್ಲ. ಸ್ಟೇಷನ್ನಿನವರು ಬಂದ್ ಮಾಡಿದ್ದು ನಿಜ. ಯಾರದೋ ಜನರೇಟರಿನ ಕರೆಂಟು ಹಿಂದಿನಿಂದ ತಿರುಗಿ ತಂತಿಗೆ ಬಂದಿತ್ತು. ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ. ಯಂಕೋಬ ಅಲ್ಲೇ ಹೋದ. ಕೆಳಗೆ ಕಂಬದ ಆಸರೆ ತಂತಿ ಹಿಡಿದು ನಿಂತಿದ್ದ ಹನುಮೇಶನ ಬಲಗೈ ಸುಟ್ಟಿತು. ರಾಯಚೂರಿನ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ.

ಯಂಕೋಬನನ್ನು ಮಣ್ಣಿಗೆ ಇಟ್ಟಾಗ ಇವನು ದವಾಖಾನೆಯ ಮಂಚದ ಮೇಲಿದ್ದ. ಮನೆಗೆ ಬಂದ ಮೇಲೂ ಯಂಕೋಬನ ಹೆಂಡತಿ ಈರಮ್ಮನ ಕಡೆಗೆ ಹೋಗಲಿಲ್ಲ. ನಾನು ಬಿಡಲಿಲ್ಲ.

"ಹೋಗಿ ಆಕಿಗೆ ಮಾರಿ ತೋರಿಸಿ ಬಾರಲೇ."

"ಹೋಗಿ ಏನಂತ ಹೇಳ್ಲಿ ಯವ್ವಾ?"

"ಆದದ್ದು ಹೇಳು."

"ಆದದ್ದು ಅಂದ್ರ, ಸತ್ತೈತಿ ಹತ್ತು ಅಂತ ನಾನ ಅಂದೆ ಅಂತ ಹೇಳ್ಲಾ?"

ಅಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದ. ಇಲಾಖೆಯವರು ಒಳ್ಳೆಯವರೇ. ಕೈ ಹೋದವನಿಗೆ ಸ್ಟೇಷನ್ನಿನಲ್ಲಿ ಕುಳಿತು ಮಾಡುವ ಕೆಲಸ ಕೊಡುತ್ತೇವೆ, ಮುಂದಿನ ಮಳೆಗಾಲದೊಳಗೆ ಬಂದು ಸೇರಿಕೋ ಅಂದರು. ಆದರೆ ಆ ಕೆಲಸ ಯಾವುದು? ಫೋನ್ ಎತ್ತಿ, ಲೈನು ಬಂದ್ ಮಾಡಿ, ಕಂಬದ ಕೆಳಗೆ ನಿಂತವನಿಗೆ ಆಯಿತು ಎಂದು ಹೇಳುವುದು. ಯಾವ ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತೋ ಅದನ್ನೇ ದಿನವಿಡೀ ಆಡುವ ಕೆಲಸ. ಅವನು ಹೋಗಲಿಲ್ಲ. ಸೊಸೆ ಅಂಗನವಾಡಿಗೆ ಹೋದ ಮೇಲೆ ಮನೆಯಲ್ಲಿ ನಾನು, ಅವನು, ಅವನು ನೋಡುವ ಗೋಡೆ.

ಭತ್ತದ ಮಷೀನು ಹೋದ ಕೆಲವೇ ದಿನಕ್ಕೆ ಲಿಂಗಸುಗೂರಿನ ಖಾಜಾ ಬಂದ. ಅವನದು ಅಲ್ಲಿ ಬೋರ್ಡು ಮುದ್ರಿಸುವ ಅಂಗಡಿ. ಬೀಜದ ಅಂಗಡಿ, ಕೋಚಿಂಗ್ ಕ್ಲಾಸು, ಹುಟ್ಟುಹಬ್ಬ, ಸಾವು, ಎಲ್ಲವನ್ನೂ ಒಂದೇ ಮಷೀನಿನಲ್ಲಿ ಮುದ್ರಿಸಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಂಬಗಳಿಗೆ ಕಟ್ಟಿಸುತ್ತಾನೆ. ಕರೆಂಟಿನ ಕಂಬಕ್ಕೆ ಬೋರ್ಡು ಕಟ್ಟುವಂತಿಲ್ಲ. ಬಿಚ್ಚುವುದು ಲೈನ್‌ಮನ್ನರ ಪಾಲು. ಇವರ ದೋಸ್ತಿ ಹುಟ್ಟಿದ್ದೇ ಹಾಗೆ. ಅವನು ಕಟ್ಟುತ್ತಿದ್ದ, ಯಂಕೋಬ ಹತ್ತಿ ಬಿಚ್ಚುತ್ತಿದ್ದ, ಹನುಮೇಶ ಸುತ್ತಿ ಅವನ ಅಂಗಡಿಗೇ ಒಯ್ದು ಕೊಟ್ಟು ಚಹಾ ಕುಡಿದು ಬರುತ್ತಿದ್ದ.

ರಿಮೋಟಿನ ವಿಮಾನದ ಹುಚ್ಚು ಹಚ್ಚಿದವನೂ ಖಾಜಾನೇ. ಸುಮ್ಮನೆ ಹಾರಿಸುವ ವಿಮಾನ ಅಲ್ಲ, ಜಗಳದ ವಿಮಾನ. ಎರಡರ ಹಿಂದೆಯೂ ಉದ್ದನೆಯ ಕಾಗದದ ಬಾಲ ಕಟ್ಟುತ್ತಾರೆ. ಒಂದರ ಫ್ಯಾನು ಇನ್ನೊಂದರ ಬಾಲ ಕತ್ತರಿಸಬೇಕು. ಸಂಕ್ರಾಂತಿಯ ಪತಂಗದ ಆಟವೇ, ದಾರ ಇಲ್ಲ ಅಷ್ಟೇ. ಬಾಲ ಹೋದ ಕೂಡಲೇ ಎಲ್ಲರೂ "ಸತ್ತಾ!" ಎಂದು ಕೂಗುತ್ತಿದ್ದರು. ಭಾನುವಾರ ಸಂತೆಕಲ್ಲೂರಿನ ಜೋಳದ ಹೊಲದ ಬದಿಗೆ ಮೂವರೂ ಹೋಗುವುದು, ಸಂಜೆಗೆ ಮುರಿದ ಬಿಳಿ ಥರ್ಮಾಕೋಲ್ ಚೂರುಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬರುವುದು. ಮಕ್ಕಳಿದ್ದವರು ಮಾಡುವ ಕೆಲಸವೇ ಎಂದು ನಾನು ಬೈದಿದ್ದೇನೆ. ಯಂಕೋಬ ನನ್ನ ಬೈಗುಳ ಕೇಳುತ್ತಲೇ ಖಾಜಾನ ಜೊತೆ ವಾದಕ್ಕೆ ಕೂರುತ್ತಿದ್ದ.

"ಒಂದು ಮಜಬೂತಾದ್ದು ಮಾಡೋಣಲೇ ಖಾಜಾ. ಬಿದ್ದರ ಎತ್ತಿ, ಮಣ್ಣು ಝಾಡಿಸಿ, ಮತ್ತ ಹಾರಸಬೇಕು."

"ಅರೆ ಭಾಯ್, ಮಜಬೂತ್ ಇದ್ದದ್ದು ಹಾರಂಗಿಲ್ಲ, ಹಾರೋದು ಮಜಬೂತ್ ಇರಂಗಿಲ್ಲ. ತೂಕದ ಲೆಕ್ಕ ಅದು."

"ನಾ ಮಾಡಿ ತೋರಸ್ತೀನಿ ತಗೊ."

ಮಾಡಿ ತೋರಿಸುವ ಮೊದಲೇ ಹೋದ. ಅವನಿಗೆ ಕಟ್ಟಿದ ಬೋರ್ಡುಗಳನ್ನು ಮುದ್ರಿಸಿದ್ದು ಖಾಜಾ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಒಂದೇ ರಸ್ತೆ, ಆ ರಸ್ತೆಯ ಉದ್ದಕ್ಕೂ ಯಂಕೋಬನ ಮುಖ. ನನ್ನ ಗಂಡ ಹೋದಾಗ ಬೋರ್ಡು ಕಟ್ಟಿರಲಿಲ್ಲ, ಆಗ ಬೋರ್ಡೇ ಇರಲಿಲ್ಲ. ನಾನು ದೊಡ್ಡ ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಒತ್ತಕ್ಷರ ಬಂದರೆ ಬಿಟ್ಟು ಮುಂದೆ ಹೋಗುತ್ತೇನೆ. ಯಂಕೋಬನ ಹೆಸರಿನ ಮೇಲೆ ಇದ್ದದ್ದೆಲ್ಲ ಒತ್ತಕ್ಷರವೇ. ಮುಖ ಸಾಕಾಗಿತ್ತು.

ಆ ದಿನ ಖಾಜಾ ಒಳಗೆ ಬಂದವನು ಹಾಸಿಗೆಯ ಮೇಲೆ ಒಂದು ಚೀಲ ಸುರಿದ. ಮೋಟಾರು, ತಂತಿ, ಬ್ಯಾಟರಿ, ಎರಡು ಕಡ್ಡಿಯ ರಿಮೋಟು.

"ಏಳು ಹನುಮ್ಯಾ. ಗದ್ದಿ ಖಾಲಿ ಬಿದ್ದಾವ. ಇಂಥಾ ಜಾಗಾ ಮತ್ತ ಸಿಗಂಗಿಲ್ಲ."

"ಕೈ ಇಲ್ಲಲೇ."

"ಎಡಗೈ ಐತಲ್ಲ? ಎಲ್ಲಾ ಎಡಗಡ್ಡಿಗಿ ಹಾಕಿ ಕೊಡ್ತೀನಿ. ಬಲಗಡ್ಡಿ ಮೋಟಾರಿಗಿ ಖಾಲಿ ಹಿಂದ ಮುಂದ ಮಾಡಾಕ. ಅದಕ್ಕ ಬೆರಳು ಮಡಚೋದು ಬ್ಯಾಡ."

"ನನಗ ಬ್ಯಾಡ."

"ನಿನಗಲ್ಲೋ, ನನಗ ಬೇಕು. ಯಂಕೋಬ ಹ್ವಾದ, ನೀನೂ ಮಲಗಿದಿ. ನಾ ಒಬ್ಬನ ಯಾರ ಬಾಲ ಕತ್ತರಿಸ್ಲಿ?"

ನಾನು ಒಲೆಯ ಮುಂದಿನಿಂದಲೇ ಹೇಳಿದೆ. "ಏಳಲೇ. ಗ್ವಾಡಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಬಂದು ಮತ್ತ ನೋಡುವಂತಿ."

ಎದ್ದ.

ಆಮೇಲೆ ಶುರುವಾಯಿತು ಬೀಳುವುದು. ಬಲಗೈಯವನಿಗೆ ಎಡಗೈ ಹೇಳಿದ ಮಾತು ಕೇಳುವುದಿಲ್ಲ. ಮೇಲೆ ಹೋಗು ಅಂದರೆ ಕೆಳಗೆ, ಎಡಕ್ಕೆ ಅಂದರೆ ಬಲಕ್ಕೆ. ಥರ್ಮಾಕೋಲಿನ ವಿಮಾನ ಒಂದು ಸಲ ನೆಲಕ್ಕೆ ಮುಟ್ಟಿದರೆ ಹಪ್ಪಳ. ಗದ್ದೆಯ ಗುಡಿಸಲಿನಲ್ಲಿ ಒಂದು ಕೆಂಚು ನಾಯಿ ಇತ್ತು. ಏನು ಬಿದ್ದರೂ ಓಡಿ ಹೋಗಿ ಒಂದು ತುಂಡು ಬಾಯಲ್ಲಿ ಕಚ್ಚಿಕೊಂಡು ಕಾಲುವೆಯ ಆಚೆ ಮಾಯವಾಗುತ್ತಿತ್ತು. ತಿನ್ನುವುದಕ್ಕಲ್ಲ, ಕೆಡಿಸುವುದಕ್ಕೆ.

ಥರ್ಮಾಕೋಲನ್ನು ಗಟ್ಟಿ ಮಾಡಲು ನಾನೂ ಕೈ ಹಾಕಿದೆ. ಹೊಸ ಮೊರಕ್ಕೆ ನಾವು ಮೆಂತ್ಯ ಮತ್ತು ನೆನೆಸಿದ ಕಾಗದ ಅರೆದು ಬಳಿಯುತ್ತೇವೆ, ಒಣಗಿದರೆ ಮೊರ ತಲೆಮಾರು ಬಾಳುತ್ತದೆ. ರೆಕ್ಕೆಗೂ ಬಳಿದು ಬಿಸಿಲಿಗೆ ಇಟ್ಟೆ. ಕಲ್ಲಿನಂತಾಯಿತು. ಕಲ್ಲಿನಂತೆಯೇ ಹಾರಿತು ಕೂಡ. ಉಳಿದ ಇನ್ನೊಂದು ರೆಕ್ಕೆಯನ್ನು ಇಲಿ ತಿಂದವು, ಮೆಂತ್ಯದ ರುಚಿಗೆ. ಖಾಜಾ ಆ ವಾರವೆಲ್ಲ ನಮ್ಮ ಮನೆಯನ್ನು ಇಲಿಗಳ ಖಾನಾವಳಿ ಎಂದು ಕರೆದ.

ಬೋರ್ಡಿನ ಪ್ಲಾಸ್ಟಿಕ್ ಹಾಳೆಗೆ ಬಂದದ್ದು ಅದಾದ ಮೇಲೆ. ಆ ಹಾಳೆಯ ಒಳಗೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆ ಇರುತ್ತದೆ. ಮಳೆಗೆ ನೆನೆಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಖಾಜಾನ ಅಂಗಡಿಯಲ್ಲಿ ತಪ್ಪಾಗಿ ಮುದ್ರಿಸಿದವು ರಾಶಿ ಇದ್ದವು. ಹನುಮೇಶ ಮೊದಲು ಅಡ್ಡ ಕತ್ತರಿಸಿದ, ರೆಕ್ಕೆ ಗಾಳಿಗೆ ಮಡಚಿಕೊಂಡಿತು. ಕೊಳವೆ ರೆಕ್ಕೆಯ ಉದ್ದಕ್ಕೆ ಬರುವ ಹಾಗೆ ತಿರುಗಿಸಿ ಕತ್ತರಿಸಿದ. ಕೊಳವೆಯೊಳಗೆ ಹಳೆಯ ಕೊಡೆಯ ಕಡ್ಡಿ ತೂರಿಸಿದ, ಬಿಗಿಯಾಯಿತು. ರೆಕ್ಕೆಯ ಹಿಂದಿನ ಅಂಚು ಮೇಲೆ ಕೆಳಗೆ ಆಡಬೇಕಲ್ಲ, ಅದಕ್ಕೆ ಬಾಗಿಲಿನಂತೆ ಕೀಲು ಬೇಕಾಗಲಿಲ್ಲ. ಹಾಳೆಯ ಒಂದು ಮೈ ಮಾತ್ರ ಸೀಳಿ ಇನ್ನೊಂದು ಮೈ ಬಿಟ್ಟರೆ ಅದೇ ಕೀಲು. ಸೈಕಲ್ಲಿನ ಕಡ್ಡಿಯಿಂದ ಎಳೆದು ಬಿಡುವ ಸರಳು. ಮೋಟಾರನ್ನು ಹಿಂದಕ್ಕೆ ಕೂರಿಸಿದ, ಮುಂದೆ ಇದ್ದರೆ ಬೀಳುವಾಗ ಫ್ಯಾನೇ ಮೊದಲು ಮುರಿಯುತ್ತದೆ. ನಾನು ಹಾಳೆ ಹಿಡಿಯುತ್ತಿದ್ದೆ, ಅವನು ಎಡಗೈಯಲ್ಲಿ ಬ್ಲೇಡು ಎಳೆಯುತ್ತಿದ್ದ. ಕಾದ ಕಬ್ಬಿಣದ ಸರಳಿನಿಂದ ತೂತು ಹಾಕುವಾಗ ಮನೆ ತುಂಬ ಆ ವಾಸನೆ. ನನ್ನ ಬೆರಳಿಗೂ ಒಂದೆರಡು ಸಲ ತಾಗಿತು. ಬೈದೆ. ಬೈದರೆ ಅವನು ಸ್ವಲ್ಪ ನಗುತ್ತಿದ್ದ, ಅದಕ್ಕೆ ಮತ್ತೂ ಬೈದೆ.

ಈಗ ರೆಕ್ಕೆ ಮುರಿಯುವುದು ನಿಂತಿತು. ಮೂಗು ಮಾತ್ರ ಉಳಿಯಲಿಲ್ಲ. ಬ್ಯಾಟರಿ ಇರುವುದು ಮೂಗಿನಲ್ಲಿ, ಇಡೀ ವಿಮಾನದಲ್ಲಿ ಭಾರದ್ದು ಅದೇ. ನೆಲಕ್ಕೆ ಬಡಿದಾಗ ವಿಮಾನ ನಿಲ್ಲುತ್ತದೆ, ಬ್ಯಾಟರಿ ನಿಲ್ಲುವುದಿಲ್ಲ. ಹಾಳೆ ಹರಿದುಕೊಂಡು ಮುಂದೆ ಹೋಗುತ್ತದೆ. ತಗಡು ಹಾಕಿದರೆ ನೆಗ್ಗುತ್ತಿತ್ತು, ಕಟ್ಟಿಗೆ ಹಾಕಿದರೆ ಸೀಳುತ್ತಿತ್ತು. ಒಂದು ತಿಂಗಳು ಬರೀ ಮೂಗಿನ ಮಾತೇ.

ಆಗಲೇ ಈರಮ್ಮ ಬಂದಳು.

ಆಕೆ ಗಂಡ ಹೋದ ಮೇಲೆ ಸಿಂಧನೂರಿನ ಒಂದು ದವಾಖಾನೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದಳು. ದಿನಾ ಮಸ್ಕಿಯಿಂದ ಬಸ್ಸು. ಮಧ್ಯಾಹ್ನ ಹೊರಗೆ ಬಿಸಿಲಿನಲ್ಲಿ ಟಂಟಂ ನಿಂತಿತು. ಈರಮ್ಮ ಹಗ್ಗ ಕಟ್ಟಿದ ಬೋರ್ಡುಗಳ ಕಟ್ಟನ್ನು ಎಳೆದು ಇಳಿಸಿ, ಕಟ್ಟೆಗೆ ಆನಿಸಿದಳು. ಹಿಂದಿನ ಕೋಣೆಯಲ್ಲಿದ್ದ ಹನುಮೇಶ ಕಿಟಕಿಯಿಂದ ಆಕೆಯನ್ನು ಕಂಡು ಬಾಗಿಲು ಮುಂದೆ ಮಾಡಿಕೊಂಡ. ಅಗುಳಿ ಹಾಕಿದ ಸದ್ದು ಇಬ್ಬರಿಗೂ ಕೇಳಿತು.

ನೀರು ಕೊಟ್ಟೆ. ಕುಡಿದಳು.

"ದೊಡ್ಡವ್ವ, ಇವನ್ನ ಏನರ ಮಾಡ್ರಿ. ದಿನಾ ಬಸ್ಸಿನ್ಯಾಗ ಕುಂತರ ಒಂದು ಕಂಬ ಬಿಟ್ಟು ಒಂದು ಕಂಬಕ್ಕ ನಿಂತಿರ್ತಾನ. ಬಿಸಿಲಿಗಿ ಬಣ್ಣ ಹೋಗಿ ಮಾರಿ ಬೆಳ್ಳಗ ಆಗ್ಯಾವ, ಕಾಗಿ ಮ್ಯಾಲ ಕುಂತು ಹೊಲಸು ಮಾಡ್ಯಾವ. ಕಟ್ಟಾಕ ಎಲ್ಲಾರೂ ಬಂದ್ರು, ಬಿಚ್ಚಾಕ ಒಬ್ಬರೂ ಇಲ್ಲ. ನಾನ ಏಣಿ ಹಚ್ಚಿ ಬಿಚ್ಚೀನಿ."

"ಚಲೋ ಮಾಡಿದಿ."

"ಚಲೋ ಏನ್ ಬಂತು? ಸುಡಾಕ ಹ್ವಾದ್ರ ಪ್ಲಾಸ್ಟಿಕ್ ನಾರ್ತೈತಿ, ಗಂಡನ್ನ ನಾರಿಸ್ಲಿ ಹ್ಯಾಂಗ? ತಿಪ್ಪಿಗಿ ಒಗಿಯಾಕ ಆಗಂಗಿಲ್ಲ. ಒಣ ಕಾಲುವಿಗಿ ಒಗದ್ರ, ನೀರು ಬಂದಾಗ ತೇಲಿಕೋಂತ ಯಾವ ಊರಿಗಿ ಹೋಗ್ತಾನೋ. ಅಕ್ಷರ ಇದ್ದ ತುಂಡು ಕೋಳಿಗೂಡಿಗಿ ಹೊಚ್ಚೀನಿ. ಮಾರಿ ಏನ್ ಮಾಡ್ಲಿ?"

ನನಗೂ ಹೊಳೆಯಲಿಲ್ಲ. ಸತ್ತವರ ಬಟ್ಟೆಗೆ ಒಂದು ದಾರಿ ಇದೆ, ಹಾಸಿಗೆಗೆ ಒಂದು ದಾರಿ ಇದೆ. ಬೋರ್ಡಿನ ಮುಖಕ್ಕೆ ಏನು ದಾರಿ ಎಂದು ಯಾರೂ ಹೇಳಿಕೊಟ್ಟಿಲ್ಲ.

ಆಕೆಯ ಕಣ್ಣು ಮೂಲೆಯಲ್ಲಿದ್ದ ಹರಿದ ಮೂಗಿನ ವಿಮಾನದ ಮೇಲೆ ಹೋಯಿತು. ಎತ್ತಿ ತಿರುಗಿಸಿ ನೋಡಿದಳು. ಅದೇ ಹಾಳೆ ಎಂದು ಗುರುತಿಸಿದಳು. ಆಮೇಲೆ ಮುಚ್ಚಿದ ಬಾಗಿಲಿಗೆ ಕೇಳುವ ಹಾಗೆ ಹೇಳಿದಳು. "ಇದರಾಗ ಮಾಡ್ರಿ. ಮಾರಿ ಇದ್ದ ತುಂಡಿನ್ಯಾಗ ಮಾಡ್ರಿ. ಹುಚ್ಚ ಇದ್ದ ಇದಕ್ಕ. ಮನಿಗಿ ಬಂದ್ರ ಇದ ಮಾತು, ಮಜಬೂತಾದ್ದು ಮಾಡ್ತೀನಿ, ಮಜಬೂತಾದ್ದು ಮಾಡ್ತೀನಿ ಅಂತ."

ಬಾಗಿಲು ತೆರೆಯಲಿಲ್ಲ. ಆಕೆ ಎದ್ದು ಸೆರಗು ಸರಿ ಮಾಡಿಕೊಂಡಳು. "ನಾ ಅವಂಗ ಒಂದು ಮಾತು ಕೇಳೋದೈತಿ ದೊಡ್ಡವ್ವ. ಈಗಲ್ಲ. ಹೊರಗ ಬಂದಾಗ ಕೇಳ್ತೀನಿ."

ಆ ಒಂದು ಮಾತು ಯಾವುದೆಂದು ನಮಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆವು. ಲೈನು ಸತ್ತಿದೆ ಎಂದು ಅಂದವರು ಯಾರು? ಹೆಂಡತಿಯಾದವಳು ಮತ್ತೇನು ಕೇಳುತ್ತಾಳೆ? ಆಕೆ ಹೋದ ಮೇಲೆ ಹನುಮೇಶ ಹೊರಗೆ ಬಂದು ಬೋರ್ಡುಗಳ ಹಗ್ಗ ಬಿಚ್ಚಿದ. ಒದ್ದೆ ಬಟ್ಟೆಯಿಂದ ಕಾಗೆಯ ಹೊಲಸು ಒರೆಸಿದ. ಕಲೆ ಹೋಗಲಿಲ್ಲ, ತಿಕ್ಕುತ್ತಲೇ ಇದ್ದ. ನಾನು ರೊಟ್ಟಿಗೆ ಹಿಟ್ಟು ನಾದಲು ಹೋದೆ.

ಮುಖ ಹರಿಯದ ಹಾಗೆ ಕತ್ತರಿಸುವುದು ಕಷ್ಟವಾಯಿತು. ಕೊನೆಗೆ ನಟ್ಟನಡುವೆ ಮುಖ, ಎರಡೂ ಕಡೆ ಭುಜದಂತೆ ರೆಕ್ಕೆ, ಹಾಗೆ ಬಂತು. ಕೆಳಗಿನಿಂದ ನೋಡುವವರಿಗೆ ಕಾಣಲಿ ಎಂದು ಮುಖವನ್ನು ಕೆಳಮೈಗೆ ತಿರುಗಿಸಿದ. ಖಾಜಾ ಬಂದು ನೋಡಿದ. ಅವನೇ ಮುದ್ರಿಸಿದ ಮುಖ. ಅದನ್ನು ಮಗುಚಿಟ್ಟು ಮೂಗಿನ ಮಾತೆತ್ತಿದ.

"ಮೂಗಿಗಿ ಹವಾಯಿ ಚಪ್ಪಲಿ ಹಚ್ಚಬೇಕು ಭಾಯ್. ಅದರ ರಬ್ಬರ್ ಹಿಂಗ ಒತ್ತಿದ್ರ ಹಂಗ ಬರ್ತದ. ಬ್ಯಾಟರಿ ಮುಂದ ಇಟ್ರ ಹೊಡೆತ ಅದ ತಿಂತದ."

"ಬುದ್ಧಿ ಐತೇನೋ ನಿನಗ?" ಎಂದೆ ನಾನು. "ಸತ್ತವನ ಮಾರಿ ಮುಂದ ಚಪ್ಪಲಿ ಹಚ್ಚತೀ?"

ಖಾಜಾ ಕಿವಿ ಹಿಡಿದುಕೊಂಡ. "ತಪ್ಪಾತು ಅಮ್ಮಾ. ಮಾರಿ ನೋಡ್ಲಿಲ್ಲ, ಖಾಲಿ ಮೂಗು ನೋಡಿದೆ."

ಹನುಮೇಶ ಬ್ಲೇಡು ಕೆಳಗಿಟ್ಟ. ಅವನ ಮುಖ ಬೂದಿಯಾಗಿತ್ತು. ಚಪ್ಪಲಿ ಎಂಬ ಮಾತಿಗೆ ಅಷ್ಟೇಕೆ ಎಂದು ನನಗೆ ತಿಳಿಯಲಿಲ್ಲ. ನನ್ನ ಹಾಗೆಯೇ ಅವಮಾನ ಎಣಿಸಿದ ಅಂದುಕೊಂಡೆ.

ಆ ವಿಮಾನ ಮೂಗಿಲ್ಲದೆ ಕೆಲವು ದಿನ ಗೋಡೆಗೆ ಒರಗಿತ್ತು. ಒಂದು ಸಂಜೆ ಸಿಂಧನೂರಿಗೆ ಎಣ್ಣೆಗೆ ಹೋದವಳು ಬಸ್ ನಿಲ್ದಾಣದಲ್ಲಿ ಈರಮ್ಮನನ್ನು ಕಂಡೆ. ವಿಮಾನ ಎಲ್ಲಿಗೆ ಬಂತು ಎಂದು ಕೇಳಿದಳು. ನನಗೆ ಮುಚ್ಚಿಟ್ಟು ಮಾತಾಡಲು ಬರುವುದಿಲ್ಲ. ಖಾಜಾ ಹೀಗೆ ಅಂದ, ನಾನು ಹೀಗೆ ಬೈದೆ ಎಂದು ಎಲ್ಲ ಹೇಳಿದೆ. ಈರಮ್ಮ ಸಿಟ್ಟಾಗಲಿಲ್ಲ. ಬಸ್ಸಿನ ಕಡೆ ನೋಡುತ್ತ ನಿಂತಳು.

"ಅವನ ಚಪ್ಪಲಿ ಅದಾವ," ಎಂದಳು. "ಕಂಬದ ಬುಡದಾಗ ಬಿಟ್ಟು ಹತ್ತಿದ್ದ. ಯಾರೋ ತಂ‌ದು ಮನಿ ಮುಂದ ಇಟ್ಟು ಹ್ವಾದ್ರು. ಒಳಗ ಒಯ್ಯಾಕ ಮನಸ್ಸಾಗಿಲ್ಲ, ಒಗಿಯಾಕೂ ಆಗಿಲ್ಲ. ಅಂಗಳದಾಗ ಅದಾವ. ಮಂದಿ ಚಪ್ಪಲಿ ಯಾಕ, ಅವಂದ ಅವಂಗ ಹಚ್ರಿ."

ಮರುದಿನ ಡ್ಯೂಟಿಗೆ ಬರುವಾಗ ತಂದು ಕೊಟ್ಟಳು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಹಿಮ್ಮಡಿಯಲ್ಲಿ ಸವೆದಿತ್ತು, ಹೆಬ್ಬೆರಳಿನ ಗುಳಿ ಬಿದ್ದಿತ್ತು. ಹನುಮೇಶ ಅವನ್ನು ಕಂಡು ಎದ್ದು ಗದ್ದೆಗೆ ಹೋದವನು ಬಿಸಿಲು ಇಳಿದ ಮೇಲೆ ಬಂದ. ಕೈಕಾಲು ತೊಳೆದು ಕುಳಿತು, ಒಂದು ಚಪ್ಪಲಿಯ ಮುಂಭಾಗ ಕತ್ತರಿಸಿ, ಬೆರಳಿನ ಗುಳಿ ಒಳಕ್ಕೆ ಬರುವ ಹಾಗೆ ಇಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಮೂಗಿಗೆ ಬಿಗಿದ. ಇನ್ನೊಂದು ಚಪ್ಪಲಿಯನ್ನು ಸೂರಿನಡಿ ಇಟ್ಟ.

ಆ ವಿಮಾನ ಮುರಿಯಲಿಲ್ಲ. ಮೊದಲ ದಿನವೇ ಅದನ್ನು ಬದುವಿಗೆ ಬಡಿಸಿದ, ಕಾಲುವೆಯ ಕಲ್ಲಿಗೆ ಬಡಿಸಿದ, ಖಾಜಾನ ಗಾಡಿಗೆ ಬಡಿಸಿದ. ಎತ್ತಿ, ಮಣ್ಣು ಝಾಡಿಸಿ, ಮತ್ತೆ ಬಿಟ್ಟರೆ ಹಾರಿತು. ಎಡಗೈ ಕೂಡ ಮೆಲ್ಲಗೆ ಮಾತು ಕೇಳತೊಡಗಿತು. ಬೀಳುವ ಹೆದರಿಕೆ ಹೋದರೆ ಕೈ ತಾನೇ ಕಲಿಯುತ್ತದೆ ಎಂದು ಖಾಜಾ ಹೇಳಿದ. ಇರಬಹುದು.

ಜಗಳದ ಭಾನುವಾರ ಬಿಸಿಲು ಬೆಳಿಗ್ಗೆಯೇ ಏರಿತ್ತು. ಗಾಳಿ ಕಾಲುವೆಯ ಕಡೆಯಿಂದ ಬೀಸುತ್ತಿತ್ತು. ಈರಮ್ಮನಿಗೆ ರಜೆ. ಬರಲಿ ಎಂದು ನಾನೇ ಹೇಳಿ ಕಳಿಸಿದ್ದೆ. ಹನುಮೇಶನಿಗೆ ಹೇಳಿರಲಿಲ್ಲ, ಹೇಳಿದ್ದರೆ ಅಗುಳಿ ಹಾಕಿಕೊಳ್ಳುತ್ತಿದ್ದ. ಗದ್ದೆಯಲ್ಲಿ ಆಕೆಯನ್ನು ಕಂಡು ತಲೆ ಬಗ್ಗಿಸಿದ. ಬಾಲ ಕಟ್ಟಲು ಅವನ ಕೈಗೆ ಗಂಟು ಬರುವುದಿಲ್ಲ. ಈರಮ್ಮ ಬಗ್ಗಿ ಕಾಗದದ ಬಾಲ ಕಟ್ಟಿದಳು. ಮುಖದ ಮೇಲೆ ಒಮ್ಮೆ ಅಂಗೈ ಆಡಿಸಿದಳು.

"ಒಗಿ ಈರಮ್ಮಕ್ಕ, ಕೈಲೆ ಎತ್ತಿ ಮುಂದಕ್ಕ ಒಗಿಬೇಕು," ಎಂದ ಖಾಜಾ.

"ನಾ ಒಗಿಯಂಗಿಲ್ಲ."

ನಾನೇ ಎಸೆದೆ. ಎದ್ದಿತು. ನಮ್ಮ ತಲೆಯ ಮೇಲೆ ಯಂಕೋಬನ ಮುಖ ಒಂದು ಸುತ್ತು ಹೊಡೆಯಿತು. ಎತ್ತರದಲ್ಲಿ ಇರುವ ಯಂಕೋಬನನ್ನು ಕೆಳಗಿನಿಂದ ನೋಡುವುದು ನಮಗೇನೂ ಹೊಸದಲ್ಲ. ಅಷ್ಟೇ ಅಂದುಕೊಂಡು ನೋಡಿದೆ.

ಖಾಜಾನದು ಕೋಚಿಂಗ್ ಕ್ಲಾಸಿನ ಬೋರ್ಡಿನ ವಿಮಾನ. ಮೇಲೆ ಹೋಗಿ ಬಿಸಿಲಿನೊಳಗಿಂದ ಎರಗಿತು. ಹನುಮೇಶ ತಪ್ಪಿಸಿದ, ತಿರುಗಿ ಬೆನ್ನು ಹತ್ತಿದ. "ಬಾ ಬಾ ಬೇಟಾ," ಎನ್ನುತ್ತಿದ್ದ ಖಾಜಾ. ಎರಡೂ ಬಾಲ ಗಾಳಿಯಲ್ಲಿ ಹೊಸೆದುಕೊಂಡವು, ಬಿಟ್ಟುಕೊಂಡವು. ಖಾಜಾನ ಬಾಲ ಚರ್ ಎಂದು ತುಂಡಾಯಿತು. ಹಳೆಯ ಕಾಲವಾಗಿದ್ದರೆ "ಸತ್ತಾ" ಎನ್ನುತ್ತಿದ್ದರು. ಖಾಜಾ ತಾನೇ "ಕಾಟ್!" ಎಂದು ಕೂಗಿದ. ಕೂಗುವ ಭರದಲ್ಲಿ ಕೈ ತಪ್ಪಿ ಅವನ ವಿಮಾನ ಇವನದಕ್ಕೆ ಬಡಿಯಿತು. ಎರಡೂ ತಲೆಕೆಳಗಾಗಿ ಬಂದವು. ಖಾಜಾನದು ನಮ್ಮ ಮುಂದೆಯೇ ಬಿದ್ದು, ಬ್ಯಾಟರಿ ಮೂಗು ಹರಿದು ಹೊರಬಂತು. ನಮ್ಮದು ದೂರ ಕಾಲುವೆಯ ದಂಡೆಗೆ ಮೂಗು ಮುಂದಾಗಿ ಬಿದ್ದು, ಪುಟಿದು, ಮತ್ತೆ ಬಿತ್ತು.

ಕೆಂಚು ನಾಯಿ ಆಗಲೇ ಓಡಿತ್ತು. ಬೇರೆ ದಿನ ತುಂಡು ಕಚ್ಚುತ್ತಿತ್ತು, ಇವತ್ತು ತುಂಡಿರಲಿಲ್ಲ. ಚಪ್ಪಲಿ ನಾಯಿಗೆ ಗುರುತಿನ ವಸ್ತು. ಮೂಗನ್ನು ಕಚ್ಚಿಕೊಂಡು ಇಡೀ ವಿಮಾನವನ್ನು ದರದರ ಎಳೆಯತೊಡಗಿತು.

ಹನುಮೇಶ ಚೀರಿದ. ಮಳೆಗಾಲದಿಂದ ಅವನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದಿರಲಿಲ್ಲ.

"ಏ! ಚಪ್ಪಲಿ! ಅಕ್ಕಾ, ಚಪ್ಪಲಿ ನಾಯಿ ಒಯ್ತೈತಿ! ಚಪ್ಪಲಿ!"

ರಿಮೋಟು ಕೂಳೆಯಲ್ಲಿ ಒಗೆದು ಓಡಿದ. ಹೆಂಟೆ ಎತ್ತಿ ಎಸೆದ, ಎಡವಿ ಬಿದ್ದ, ಎದ್ದ. ನಾಯಿ ಹೆದರಿ ಬಿಟ್ಟು ಹೋಯಿತು. ವಿಮಾನ ಎದೆಗೆ ಅವುಚಿಕೊಂಡು ಬಂದು ಈರಮ್ಮನ ಮುಂದೆ ನಿಂತ. ಏದುಸಿರು. ರಬ್ಬರಿನ ಮೇಲೆ ಹಲ್ಲಿನ ಗುರುತು.

"ಏನಾತೋ ಹನುಮೇಶ?" ಎಂದಳು ಈರಮ್ಮ.

"ಯಂಕೋಬಣ್ಣ ಇದ ಮಾತು ಅಂದಿದ್ದ ಅಕ್ಕಾ."

"ಏನಂದಿದ್ದ?"

"ನಾ ಕೆಳಗ ನಿಂತು ಲೈನ್ ಸತ್ತೈತಿ, ಹತ್ತು ಅಂದೆ. ನಾನ ಅಂದೆ. ಅವ ಚಪ್ಪಲಿ ಬಿಟ್ಟು ಹತ್ತಿದ. ಅರ್ಧಕ್ಕ ಹೋಗಿ ನಿಂತು ಕೆಳಗ ನೋಡಿ, ಹನುಮ್ಯಾ, ಚಪ್ಪಲಿ ನೋಡಕೋ, ಹೊಸಾವು ಅದಾವ, ನಾಯಿ ಒಯ್ದಾವು ಅಂದ. ನಾ ಚಪ್ಪಲಿ ನೋಡಿದೆ. ಕೆಳಗ ಚಪ್ಪಲಿ ನೋಡಾಕತ್ತಿದ್ದೆ ಅಕ್ಕಾ, ಮ್ಯಾಲ ನೋಡ್ಲಿಲ್ಲ."

ಖಾಜಾ ತನ್ನ ಹರಿದ ವಿಮಾನ ಹಿಡಿದುಕೊಂಡೇ ನಿಂತಿದ್ದ. ಈರಮ್ಮ ಕೇಳಿದ್ದು ಒಂದೇ.

"ಹೊಸಾವು ಅಂದನಾ?"

"ಹೂಂ."

"ಎಲ್ಲೀ ಹೊಸಾವೋ. ಎರಡು ದೀಪಾವಳಿ ಕಂಡಾವ ಅವು. ಬದಲಿಸು ಬದಲಿಸು ಅಂತ ನಾ ಬಡಕೊಂಡೀನಿ." ಆಕೆಯ ಬಾಯಿ ನಗಲು ಹೋಗಿ ಬೇರೇನೋ ಆಯಿತು. ಹಾಗೆಯೇ ಬದುವಿನ ಮೇಲೆ ಕುಳಿತಳು. "ನಿನ್ನ ಮುಂದೂ ಜಂಬ ಬಿಡಲಿಲ್ಲ ನೋಡು."

ಆಮೇಲೆ ಅತ್ತಳು. ನಾನು ತಡೆಯಲಿಲ್ಲ. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು ಹೇಳಿದಳು. "ಇಷ್ಟ ಕೇಳಾಕ ಬಂದಿದ್ದೆ ಅವತ್ತು ನಿಮ್ಮ ಮನಿಗಿ. ಮನುಷ್ಯಾ ಹೋಗೋ ಮುಂದ ಏನರ ಅಂದಿರ್ಬೇಕಲ್ಲ. ಎಲ್ಲಾರೂ ಬಂದ್ರು, ಬೋರ್ಡ್ ಕಟ್ಟಿದ್ರು, ಹಾರ ಹಾಕಿದ್ರು. ಕಡೀ ಮಾತೇನಂತ ಒಬ್ಬರೂ ಹೇಳ್ಲಿಲ್ಲ. ಗೊತ್ತಿದ್ದವ ನೀ ಒಬ್ಬ. ನೀ ಅಗಳಿ ಹಾಕ್ಕೊಂಡಿ."

ಲೈನಿನ ಮಾತು ಆಕೆ ಎತ್ತಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆ. ನಾಲ್ವರೂ ಬದುವಿನ ಮೇಲೆ ಕುಳಿತು ತಿಂದೆವು. ಒಂದು ತುಣುಕು ಕೆಂಚು ನಾಯಿಗೂ ಎಸೆದಳು ಈರಮ್ಮ. ಹೋಗುವಾಗ ವಿಮಾನ ಒಯ್ಯುತ್ತೀಯಾ ಎಂದು ಕೇಳಿದೆ. "ಬ್ಯಾಡ, ಹಾರಸ್ರಿ," ಅಂದಳು. ಸೂರಿನಡಿ ಇದ್ದ ಇನ್ನೊಂದು ಚಪ್ಪಲಿಯನ್ನು ಮಾತ್ರ ಕೇಳಿ ತೆಗೆದುಕೊಂಡಳು.

ಮಳೆ ಬೀಳುವವರೆಗೆ ಪ್ರತಿ ಭಾನುವಾರ ಅದು ಹಾರಿತು, ಬಿತ್ತು, ಹಾರಿತು. ಬಿಸಿಲಿಗೆ ಮುಖ ದಿನದಿನಕ್ಕೆ ಅಳಿಸುತ್ತ ಹೋಗಿ, ಕೊನೆಗೆ ಮೀಸೆಯ ನೆರಳು ಉಳಿಯಿತು, ಆಮೇಲೆ ಅದೂ ಹೋಗಿ ಬಿಳಿ ಹಾಳೆಯಾಯಿತು. ಈರಮ್ಮನಿಗೆ ಸಿಗದಿದ್ದ ದಾರಿ ಅದೇ ಇರಬೇಕು. ಹಾಳೆ ಮುರಿಯಲಿಲ್ಲ, ಮೂಗೂ ಮುರಿಯಲಿಲ್ಲ. ಆಮೇಲೆ ಕಾಲುವೆಗೆ ನೀರು ಬಂತು, ಗದ್ದೆ ಕೆಸರಾಯಿತು, ಹೆಣ್ಣುಮಕ್ಕಳು ನಾಟಿಗೆ ಇಳಿದರು.

ಹನುಮೇಶ ಮಳೆಗೆ ಮುಂಚೆಯೇ ಸ್ಟೇಷನ್ನಿಗೆ ಹೋಗಿ ಸೇರಿಕೊಂಡ. ಈಗ ದಿನವೂ ಫೋನ್ ಎತ್ತುತ್ತಾನೆ. ಬುತ್ತಿ ಕೊಡಲು ಹೋದಾಗ ನಾನೇ ಕೇಳಿದ್ದೇನೆ. ಲೈನು ಬಂದ್ ಮಾಡಿ, ಆ ಕಡೆಯ ಕಂಬದ ಕೆಳಗೆ ನಿಂತವನಿಗೆ ಹೇಳುತ್ತಾನೆ. ಸತ್ತೈತಿ ಅನ್ನುವುದಿಲ್ಲ. "ಬಂದ್ ಮಾಡೀನಿ. ಆದ್ರೂ ಸತ್ತಿಲ್ಲ ಅಂತ ತಿಳಕೊಂಡು ಕರೆಂಟು ನೋಡೋ ಕೋಲು ಹಚ್ಚಿ ನೋಡು. ಹತ್ತೋನ ಚಪ್ಪಲಿ ಗಾಡಿ ಡಿಕ್ಕಿಯಾಗ ಹಾಕಿ ಕೀಲಿ ಹಾಕು. ಹಾಕಿದ್ಯಾ? ಹಾಂ. ಈಗ ನೀ ಮ್ಯಾಲ ನೋಡ್ಕೋಂತ ನಿಂದ್ರು."

ಹೊಸ ಹುಡುಗರು ಇದ್ಯಾವ ರೂಲ್ಸು ಎಂದು ನಗುತ್ತಾರಂತೆ. ಆದರೂ ಚಪ್ಪಲಿ ಡಿಕ್ಕಿಯೊಳಗೆ ಹಾಕಿಯೇ ಹತ್ತುತ್ತಾರಂತೆ.